ದಿನಕ್ಕೆ ಹತ್ತೇ ಪುಟ

"ನಂದನಾ! ಎಷ್ಟು ಶಬ್ದ ಹಾಳು ಮಾಡಿದ್ದೀಯಾ? ನಿಜ ಹೇಳು!"

ರಕ್ಷಿತಾ ಇಂಗ್ಲಿಷ್ ಶಬ್ದಾರ್ಥ ಪುಸ್ತಕದ ಜೆರಾಕ್ಸ್ ಹಾಳೆಗಳ ಕಟ್ಟನ್ನು ಕೌಂಟರಿನ ಮೇಲೆ ಕುಕ್ಕಿದಳು. ನಿನ್ನೆಯವರೆಗೆ 'ನೀವು' ಎನ್ನುತ್ತಿದ್ದವಳು!

ಸಿನಿಮಾದಲ್ಲಾದರೆ ಈಗ ಗುಡುಗಬೇಕಿತ್ತು. ಸಿದ್ದಾಪುರ ಪೇಟೆಯ ನಂದನನ ಪುಟ್ಟ ಅಂಗಡಿಯಲ್ಲಿ ಜೆರಾಕ್ಸ್ ಮಶೀನು ಮಾತ್ರ ಗುರ್ ಎಂದಿತು.

ಆಗಿದ್ದಿಷ್ಟು. ಕೋಚಿಂಗ್ ಕ್ಲಾಸಿನಲ್ಲಿ ಸರ್ 'ಎಲ್ಯೂಸಿವ್' ಶಬ್ದದ ಅರ್ಥ ಓದಿಸಿದರು. ಇವಳು ನಿನ್ನೆ ಮಾಡಿಸಿದ, ಇನ್ನೂ ಓದಿರದ ಹಾಳೆ ನೋಡಿ ಗಡಗಡ ಓದಿದಳು: "ದಿನಾ ಬಂದು, ಹತ್ತೇ ಪುಟ ಜೆರಾಕ್ಸ್ ಮಾಡಿಸಿ, ಮುಖ ಕೂಡ ನೋಡದೆ ಬಸ್ಸಿಗೆ ಓಡುವ ಹುಡುಗಿ."

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು!

"ಕನ್ನಡ ಮೀಡಿಯಂ ಹುಡುಗಿ, ಎಂತ ಬರೆದ್ರೂ ಗೊತ್ತಾಗಲ್ಲ ಅಂದ್ಕಂಡ್ಯಾ?" ಅವಳು ಹಾಳೆಗಳನ್ನು ಅವನತ್ತ ನೂಕಿದಳು. "ನಾಳೆ ಹುಬ್ಬಳ್ಳೀಲಿ ಬ್ಯಾಂಕ್ ಪರೀಕ್ಷೆ. ಆರುನೂರು ಶಬ್ದ ಬಾಯಿಪಾಠ ಮಾಡಿದ್ದೆ. ಈಗ ಒಂದನ್ನೂ ನಂಬೋಕೆ ಆಗ್ತಿಲ್ಲ..."

ಡೈಲಾಗ್ ವೀರ ನಂದನನ ಮುಖ ಬಾಡಿತು.

"ಒಂದೇ ಮಾರಾಯ್ತಿ, ದೇವರಾಣೆ! ಆ ಅರ್ಥದ ಮೇಲೆ ನಾ ಬರೆದ ಚೀಟಿ ಇಟ್ಟು ಕಾಪಿ ತೆಗೆದೆ. ನೀ ಓದಿ ನಗ್ತೀಯಾ ಅಂದ್ಕಂಡೆ."

"ನಂಬಲ್ಲ!"

"ಪುಸ್ತಕ ಕೊಡು. ಒಂದೊಂದೂ ತಾಳೆ ನೋಡುವ."

ಬಂದ ಗಿರಾಕಿಗಳನ್ನೆಲ್ಲ ಪಕ್ಕದಂಗಡಿಗೆ ಕಳಿಸಿ, ಅವಳು ಕೊಟ್ಟ ಪುಸ್ತಕ ಹಿಡಿದು ಕೂತ.

"ಎಫೆಮರಲ್?"

"ಕ್ಷಣಿಕ."

"ರಿಸಿಲಿಯೆಂಟ್?"

"ಬಿದ್ದರೂ ಎದ್ದು ನಿಲ್ಲುವ."

"ಗ್ಯಾರುಲಸ್?"

"ವಟವಟ ಅನ್ನೋನು. ನೀನೇ!"

ಎರಡು ತಾಸು. ಆರುನೂರೂ ಸರಿ, ಆ ಒಂದನ್ನು ಬಿಟ್ಟು. ಅಬ್ಬಾ! ಎದೆಯ ಮೇಲಿನ ಕಲ್ಲು ಇಳಿದಂತಾಗಿ ರಕ್ಷಿತಾ ಸ್ಟೂಲಿನ ಮೇಲೆ ಕುಸಿದು ಕೂತಳು. ನಗು, ಅಳು ಎರಡೂ ಒಟ್ಟಿಗೇ ಬಂತು.

ನಂದನ ಪುಸ್ತಕ ಮುಚ್ಚಲು ಹೋದವನು ಮೊದಲ ಪುಟದಲ್ಲೇ ನಿಂತ. ದುಂಡಗಿನ ಅಕ್ಷರ: 'ರಕ್ಷಿತಾ, ಕೋಲಸಿರ್ಸಿ.'

"ಗೆಳತಿ ಪುಸ್ತಕ, ಸಂಜೆ ವಾಪಸ್ ಕೊಡ್ಬೇಕು ಅಂತಿದ್ದೆಯಲ್ಲ... ಸ್ವಂತ ಪುಸ್ತಕಕ್ಕೆ ಜೆರಾಕ್ಸ್ ಎಂತಕ್ಕೆ? ಅದೂ ದಿನಾ ಹತ್ತೇ ಪುಟ?"

ಅಯ್ಯೋ, ಸಿಕ್ಕಿಬಿದ್ದೆನಲ್ಲ!

ಅವಳು ಕೌಂಟರಿನ ಅಂಚು ಉಜ್ಜಿದಳು. "ಒಂದೇ ದಿನ ಎಲ್ಲಾ ಮಾಡಿಸಿದ್ರೆ... ಮಾರನೇ ದಿನ ಎಂತ ನೆಪ ಹೇಳಿ ಬರ್ಲಿ?"

ಡೈಲಾಗ್ ವೀರ ಪುಸ್ತಕವನ್ನು ತಲೆಕೆಳಗಾಗಿ ಹಿಡಿದ!

"ಎಲ್ಯೂಸಿವ್ ಅಂದ್ರೆ ಸುಲಭಕ್ಕೆ ಕೈಗೆ ಸಿಗದವರು," ಎಂದಳು ಮೆಲ್ಲಗೆ. "ನಾನಲ್ಲ ಅದು. ಮಶೀನಿನ ಗಾಜಲ್ಲಿ ದಿನಾ ನಿನ್ನ ಮುಖ ನೋಡಿದ ಮೇಲೇ ಓಡ್ತಿದ್ದೆ."

ಅವನು ಮಶೀನಿನ ಮುಚ್ಚಳ ಎತ್ತಿದ. "ಇನ್ನೂ ನಲವತ್ತು ಪುಟ ಉಳಿದಿದೆ. ಈಗ್ಲೇ ಮಾಡ್ಕೊಡ್ಲಾ?"

"ಬೇಡ. ಪರೀಕ್ಷೆ ಮುಗಿಸ್ಕಂಡು ನಾಡಿದ್ದು ಬರ್ತೀನಿ."

"ಎಷ್ಟು ಪುಟ?"

"ಹತ್ತೇ!"