ಸುಣ್ಣ ಹಿಡಿಯದ ಜಾಗ

ನಂಬಿ ಅಂತ ನಾನು ಯಾರ ಕಾಲಿಗೂ ಬೀಳುವುದಿಲ್ಲ. ಆದೋನಿಯ ಕೋಟೆ ಕ್ಲಬ್ಬಿಗೂ ಮಿಲ್ ಕ್ಲಬ್ಬಿಗೂ ಇರುವುದು ಒಂದೇ ಫುಟ್‌ಬಾಲ್ ಮೈದಾನ. ಇಬ್ಬರಿಗೂ ಸುಣ್ಣದ ಗೆರೆ ಎಳೆಯುವವನು ನಾನೇ. ನೀರಿನ ಗಡಿಗೆ ಮಾತ್ರ ಎರಡು, ಆ ಬದಿಗೊಂದು, ಈ ಬದಿಗೊಂದು. ಎದುರಾಳಿಯ ಗಡಿಗೆಯನ್ನು ಸತ್ತರೂ ಯಾರೂ ಮುಟ್ಟುವುದಿಲ್ಲ. ನಾನು ಮಿಲ್ಲಿನ ಕಡೆಯವನು, ನಮ್ಮ ಗಡಿಗೆ ತುಂಬಿಸುವುದೂ ನನ್ನ ಕೆಲಸವೇ.

ಹೋದ ಮೇ ತಿಂಗಳ ಪಂದ್ಯದಲ್ಲಿ ಕೋಟೆಯವರು ಒಂದು ಗೋಲು ಮುಂದಿದ್ದರು. ಅವರ ಆಟಗಾರ ಉರುಕುಂದ ನಮ್ಮ ಗಡಿಗೆಯ ಹತ್ತಿರವೇ ಗೆರೆಯ ಮೇಲೆ ಕುಸಿದ.

"ಮಾರೆಪ್ಪಣ್ಣಾ, ಒಂದ್ ಗಿಲಾಸ್ ನೀರ್ ಕೊಡಣ್ಣಾ," ಅಂದ.

ಹೊತ್ತು ಕಳೆಯಲು ಬಿದ್ದಿದ್ದಾನೆ ಅಂದುಕೊಂಡೆ. "ನಾಟಕ ಸಾಕು. ನಿಮ್ ಗಡಿಗಿ ಆ ಕಡಿ ಐತಿ, ಹೋಗಿ ಕುಡಿ," ಅಂದೆ.

ನಮ್ಮವರು ಶಿಳ್ಳೆ ಹೊಡೆದು ನಕ್ಕರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಅವನ ಜೀವ ಹೋಗಿತ್ತು.

ಅಂದಿನಿಂದ ಅವನು ಬಿದ್ದ ಜಾಗದಲ್ಲಿ ಸುಣ್ಣ ಹಿಡಿಯುತ್ತಿಲ್ಲ. ಎಷ್ಟು ಸುರಿದರೂ ಒಂದು ಆಳುದ್ದ ಗೆರೆ ಮಾಯ. ಗಾಳಿಯೂ ಇರುವುದಿಲ್ಲ. ಸುಡುಬಿಸಿಲಲ್ಲಿ ಅಂಗೈ ಇಟ್ಟರೆ ನೆಲ ತಣ್ಣಗೆ ಕೊರೆಯುತ್ತದೆ. ಕೋಟೆಯವರ ಆಳೊಬ್ಬ ಎಳೆದು ನೋಡಿದ, ಅವನಿಗೂ ಅದೇ ಗತಿ.

ಕಳೆದ ಭಾನುವಾರ ಬೆಳಿಗ್ಗೆ ತುಂಬಿದ ಗಡಿಗೆಯನ್ನೇ ಎತ್ತಿ ಅಲ್ಲಿ ಬಗ್ಗಿಸಿದೆ. "ತಪ್ಪಾತಪ್ಪಾ, ಕುಡಿ," ಅಂದೆ.

ಸಂಜೆ ಹೋಗಿ ನೋಡಿದೆ. ಆದೋನಿಯ ಬಿಸಿಲಿಗೆ ಒಗೆದ ಅಂಗಿ ತಾಸಿನೊಳಗೆ ಒಣಗುತ್ತದೆ. ಆ ನೀರು ಮಾತ್ರ ಬೆಳಿಗ್ಗೆ ಹೊಯ್ದಷ್ಟೂ ಹಾಗೇ ನಿಂತಿತ್ತು. ನೆಲ ಒಂದು ಹನಿಯನ್ನೂ ಕುಡಿದಿರಲಿಲ್ಲ.