ಇಳಿಜಾರಿನಲ್ಲಿ ನಿಂತ ಫ್ರಿಜ್

"ನೀವು ಇಲ್ಲಿ..." ಎಂದು ಪಕ್ಕದ ಗಾಡಿಯಾತ ಹತ್ತಿರ ಬಂದು ಬಾಯಿ ತೆರೆದ.

ಕೊರೀನ್‌ಗೆ ಅಷ್ಟೇ ಸಾಕಾಯಿತು. ನೆಬ್ರಾಸ್ಕದಿಂದ ನಾಲ್ಕು ದಿನ ಟ್ರೇಲರ್ ಎಳೆದುಕೊಂಡು ಬಂದು ಅವಳ ಸೊಂಟ ಬಿದ್ದುಹೋಗಿತ್ತು. ಅರಿಜೋನದ ಈ ಬಯಲಿನಲ್ಲಿ ಗಾಡಿಯನ್ನೇ ಮನೆ ಮಾಡಿಕೊಂಡು ಚಳಿಗಾಲ ಕಳೆಯುವವರಿಗೆ ಇರುವುದು ಒಂದೇ ಕಟ್ಟಳೆ: ಪಕ್ಕದವರಿಂದ ನೂರು ಹೆಜ್ಜೆ ದೂರ ನಿಲ್ಲಬೇಕು. ದಣಿವಿನಲ್ಲಿ ಅವಳು ನಲವತ್ತಕ್ಕೇ ನಿಂತುಬಿಟ್ಟಿದ್ದಳು.

"ಗೊತ್ತಾಯ್ತು ಬಿಡಿ. ತೀರಾ ಹತ್ತಿರ ನಿಂತಿದ್ದೀನಿ. ಹೋಗ್ತೀನಿ."

"ಅಲ್ಲ, ನಾನು..."

"ಹೋಗ್ತೀನಿ ಅಂದ್ನಲ್ಲ."

ಆತ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಕೊರೀನ್ ಧೂಳೆಬ್ಬಿಸಿಕೊಂಡು ಹೋಗಿ ಒಣಹಳ್ಳದ ಅಂಚಿನಲ್ಲಿ ನಿಂತಳು. ಅದು ಇಳಿಜಾರು. ಸಿಟ್ಟಿನ ಕಣ್ಣಿಗೆ ಉಬ್ಬುತಗ್ಗು ಕಾಣುತ್ತದೆಯೇ?

ಮೂರನೇ ದಿನ ಫ್ರಿಜ್ ಬೆಚ್ಚಗಾಯಿತು.

ಗ್ಯಾಸಿನ ಉರಿಯಲ್ಲಿ ತಣ್ಣಗಾಗುವ ಫ್ರಿಜ್ ಅದು. ಕರೆಂಟಿಲ್ಲದ, ಅಂಗಡಿಗೆ ಹೋಗಿಬರಲು ಅರ್ಧ ದಿನ ಹಿಡಿಯುವ ಈ ಜಾಗದಲ್ಲಿ ಅದಿಲ್ಲದೆ ಬದುಕಿಲ್ಲ. ಅದು ಸರಿಹೋಗದಿದ್ದರೆ ಅವಳು ವಾಪಸು ಹೋಗಬೇಕಾದದ್ದು ಅಣ್ಣನ ಮನೆಯ ನೆಲಮಾಳಿಗೆಗೆ. ಗಂಡನಿಂದ ಬೇರೆಯಾದ ಮೇಲೆ ಮೂರು ವರ್ಷ ಅವಳು ಅಲ್ಲೇ ಬಿದ್ದಿದ್ದಳು. ಹೊರಡುವಾಗ ಅಣ್ಣ ಅಂದಿದ್ದ: "ಹೋಗಮ್ಮ, ಹೋಗು. ತಿಂಗಳೊಳಗೆ ಬರ್ತೀಯ. ನಿನ್ನ ಹಾಸಿಗೆ ಮಡಚಲ್ಲ."

ಆ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು... ಐವತ್ತು ತುಂಬಿದವಳಿಗೆ ಅಷ್ಟೂ ಬೆಲೆಯಿಲ್ಲವೇ?

ಫ್ರಿಜ್ ರಿಪೇರಿ ಯಾರಿಗೆ ಬರುತ್ತದೆ ಎಂದು ಎದುರಿಗೆ ಹಳೇ ಬಸ್ಸಿನಲ್ಲಿ ವಾಸವಿದ್ದ ಅಜ್ಜಿ ವಿನೋನಾಳನ್ನು ಕೇಳಿದಳು.

"ಲೀಲಂಡ್‌ಗೆ. ಮೂವತ್ತು ವರ್ಷ ಗ್ಯಾಸ್ ಪೈಪಿನ ಕೆಲಸ ಮಾಡಿದೋನು. ಹೆಂಡತಿ ತೀರಿಹೋದ ಮೇಲೆ ಮಾತು ಕಮ್ಮಿ. ಅಗೋ, ಆ ಟೋಪಿ."

ಅದೇ ಟೋಪಿ. ಕೊರೀನ್ ಹಲ್ಲು ಕಚ್ಚಿಕೊಂಡು ಹೋಗಿ ಕರೆದಳು.

ಲೀಲಂಡ್ ಬಂದ. ಒಮ್ಮೆ ಗಾಡಿಯನ್ನು ಉದ್ದಕ್ಕೂ ನೋಡಿದ. ಆಮೇಲೆ ಹೊರಗಿನ ಮುಚ್ಚಳ ತೆಗೆದು ಮೊಣಕಾಲೂರಿದ.

"ಒಲೆ ಹತ್ತುತ್ತಾ?"

"ಹತ್ತುತ್ತೆ."

"ಹಂಗಾದ್ರೆ ಗ್ಯಾಸ್ ಬರ್ತಿದೆ. ಉರಿನೂ ನೀಲಿ ಇದೆ."

"ನೀಲಿ ಒಳ್ಳೇದಾ?"

"ಒಳ್ಳೇದು."

"ಮತ್ತೆ ಯಾಕೆ ತಣ್ಣಗಾಗ್ತಿಲ್ಲ?"

"ನೋಡೋಣ."

ಮೊದಲ ದಿನ ಬರ್ನರಿನಲ್ಲಿದ್ದ ಜೇಡರ ಬಲೆ ತೆಗೆದ. ಎರಡನೇ ದಿನ ಚಾವಣಿ ಹತ್ತಿ ಗಾಳಿಕಂಡಿ ಗುಡಿಸಿದ. ಮೂರನೇ ದಿನ ವೈರುಗಳನ್ನೆಲ್ಲ ಬಿಚ್ಚಿ, ಒರೆಸಿ, ಮತ್ತೆ ಕಟ್ಟಿದ. ಹೋಗುವಾಗ ಪ್ರತಿದಿನವೂ ಒಂದೇ ಮಾತು: "ಆರಿಸಿಡಿ. ಸುಮ್ನೆ ಉರಿಸಬೇಡಿ. ನಾಳೆ ನೋಡೋಣ."

ಹಾಲು ಒಡೆಯಿತು. ಕೋಳಿಮಾಂಸ ವಿನೋನಾಳ ನಾಯಿಯ ಪಾಲಾಯಿತು. ಇವನ ಬಾಯಲ್ಲಿ 'ನೋಡೋಣ' ಬಿಟ್ಟು ಇನ್ನೊಂದು ಮಾತು ಹುಟ್ಟುವುದೇ ಇಲ್ಲವೇ?

ಆದರೂ ದಿನಾ ಬೆಳಿಗ್ಗೆ ಅವಳ ಬಾಗಿಲಲ್ಲಿ ಒಂದು ಡಬ್ಬಿ ಮಂಜುಗಡ್ಡೆ ಇರುತ್ತಿತ್ತು. ಯಾರಿಟ್ಟರೆಂದು ಕೇಳಬೇಕಿರಲಿಲ್ಲ. ಹತ್ತು ಗಂಟೆಗೆ ಅವನು ಬರುವ ಮೊದಲು ತಾನು ತಲೆ ಬಾಚಿಕೊಳ್ಳುತ್ತಿರುವುದನ್ನು ಕೊರೀನ್ ಕಂಡುಕೊಂಡಳು. ಥೂ, ಏನಾಗಿದೆ ನನಗೆ...

ನಾಲ್ಕನೇ ದಿನ ತಾಳ್ಮೆ ಮುಗಿದು, ಯಾರೂ ಓದದ ಆ ಫ್ರಿಜ್ಜಿನ ಪುಸ್ತಕ ತೆಗೆದಳು. ಮೂರನೇ ಪುಟದಲ್ಲೇ ದಪ್ಪಕ್ಷರದಲ್ಲಿತ್ತು: ಗಾಡಿ ಸಮನೆಲದಲ್ಲಿ ನಿಂತಿರಬೇಕು. ವಾಲಿದರೆ ಉರಿ ಹತ್ತಿದ್ದರೂ ಫ್ರಿಜ್ ತಣ್ಣಗಾಗುವುದಿಲ್ಲ.

ಒಂದು ಈರುಳ್ಳಿಯನ್ನು ನೆಲಕ್ಕಿಟ್ಟಳು. ಅದು ಉರುಳುತ್ತಾ ಹೋಗಿ ಬಾಗಿಲಿಗೆ ಬಡಿಯಿತು.

ನೇರ ಅವನ ಗಾಡಿಗೆ ನಡೆದಳು. ಲೀಲಂಡ್ ಹೊರಗೆ ಕೂತು ಕಾಫಿ ಕುಡಿಯುತ್ತಿದ್ದ.

"ನನ್ನ ಗಾಡಿ ವಾಲಿದೆ."

"ಹೂಂ."

"ಯಾವಾಗ ಗೊತ್ತಾಯ್ತು ನಿಮಗೆ?"

ಅವನು ಲೋಟದೊಳಗೆ ನೋಡಿದ. "ಮೊದಲ ದಿನವೇ."

"ಮತ್ತೆ ಮೂರು ದಿನ ಜೇಡದ ಜೊತೆ ಏನು ನಾಟಕ? ನೋಡಿ ನಗೋಕಾ? ಆಯ್ತು, ನಕ್ಕಿದ್ದು ಸಾಕು. ನಾಳೆ ನಾನು ಊರಿಗೆ ಹೊರಟೆ."

ಲೀಲಂಡ್ ಎದ್ದು ನಿಂತ. ಮುಖದ ಬಣ್ಣ ಇಳಿದಿತ್ತು.

"ಅದು ಹಂಗಲ್ಲ... ಏನಂದ್ರೆ..."

ಬೇರೆ ದಿನವಾಗಿದ್ದರೆ ಉಳಿದ ಮಾತನ್ನು ಅವಳೇ ಹೇಳಿ ಮುಗಿಸುತ್ತಿದ್ದಳು. ಇವತ್ತು ಅದಕ್ಕೂ ಶಕ್ತಿಯಿರಲಿಲ್ಲ. ಕೈಕಟ್ಟಿ ನಿಂತಳು.

"ಹೇಳಿ. ನಾನು ಬಾಯಿ ಹಾಕಲ್ಲ. ಸಂಜೆಯೊಳಗೆ ಮುಗಿಸಿದ್ರೆ ಸಾಕು."

"ಅಲ್ಲಿ ಚಕ್ರದಡಿ ಎಷ್ಟು ಹಲಗೆ ಒಟ್ಟಿದ್ರೂ ಮಟ್ಟ ಬರಲ್ಲ. ಈ ಕಡೆ ಸಮನೆಲ ಅಂತ ಉಳಿದಿರೋದು ಇದೊಂದೇ. ನನ್ನ ಪಕ್ಕದ್ದು. ನೀವು ಬಂದವತ್ತು ನಾನು ಮಾತಾಡಿಸೋಕೆ ಬಂದಿದ್ದೇ, ಇಲ್ಲೇ ಇರಿ, ನೆಲ ಚೆನ್ನಾಗಿದೆ ಅನ್ನೋಕೆ. ನೀವು ಹೋಗೇಬಿಟ್ರಿ." ಉಸಿರೆಳೆದುಕೊಂಡ. "ಈಗ ಫ್ರಿಜ್ ನೆಪ ಹೇಳಿ ಪಕ್ಕಕ್ಕೆ ಕರೆದ್ರೆ ಏನಂದ್ಕೋತೀರೋ ಅಂತ... ಬೇರೆ ಏನಾದ್ರೂ ಕೆಟ್ಟಿರಲಪ್ಪ ಅಂತ ಹುಡುಕ್ತಾನೇ ಇದ್ದೆ."

"ಕೆಟ್ಟಿತ್ತಾ?"

"ಏನೂ ಕೆಟ್ಟಿರಲಿಲ್ಲ."

ಕೊರೀನ್‌ಗೆ ಬೈಯಬೇಕೆನಿಸಿತು. ಬೈಗುಳ ಗಂಟಲಲ್ಲೇ ಕರಗಿ ನಗುವಾಯಿತು... ಆ ನಗುವಿನ ಹಿಂದೆಯೇ ಕಣ್ಣು ತುಂಬಿತು.

"ಎಂಥಾ ಮನುಷ್ಯ ರೀ ನೀವು. ಏಳಿ, ರಸಮಟ್ಟ ತಗೊಳ್ಳಿ. ಗಾಡಿ ತರ್ತೀನಿ."

ನಲವತ್ತು ಹೆಜ್ಜೆ ಕೂಡ ಅಲ್ಲ, ಹದಿನೈದಕ್ಕೇ ತಂದು ನಿಲ್ಲಿಸಿದಳು. ಅವನು ಚಕ್ರದಡಿ ಒಂದು ಹಲಗೆ ಕೊಟ್ಟ. ರಸಮಟ್ಟದ ಗುಳ್ಳೆ ನಡುವಿಗೆ ಬಂತು; ಗಾಡಿ ಸಮವಾಗಿ ನಿಂತಿತ್ತು. ಉರಿ ಹಚ್ಚಿದರು.

ಬೆಳಿಗ್ಗೆ ಫ್ರಿಜ್ ಬಾಗಿಲು ತೆಗೆದರೆ ಕೈ ಜುಮ್ಮೆನ್ನುವಷ್ಟು ತಣ್ಣಗಿತ್ತು. ಕೊರೀನ್ ಆ ಚಳಿಯಲ್ಲಿ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು. ಊರಿಗೆ ಹೋಗಬೇಕಾಗಿಲ್ಲ.

ಹೊರಗೆ ಲೀಲಂಡ್ ಎರಡು ಕುರ್ಚಿ ಹಾಕಿ ಕಾಯುತ್ತಿದ್ದ.

"ಏಪ್ರಿಲ್‌ನಲ್ಲಿ ಇಲ್ಲಿಯ ಬಿಸಿಲು ತಡೆಯೋಕಾಗಲ್ಲ," ಅಂದ. "ನಾನು ಮೊಂಟಾನಕ್ಕೆ ಹೋಗ್ತೀನಿ. ಉದ್ದದ ದಾರಿ. ನನ್ನ ಹಿಂದೆ ಇನ್ನೊಂದು ಗಾಡಿ ಇದ್ದರೆ..."

ಅವಳು ಕಾದಳು.

"ಇದ್ದರೆ ನನಗೆ ಇಷ್ಟ."

"ನಿಮ್ಮ ಹಿಂದೆ ಬಂದ್ರೆ ಮೊಂಟಾನ ಸೇರೋದು ಕ್ರಿಸ್‌ಮಸ್‌ಗೆ. ಮುಂದೆ ನಾನು ಹೋಗ್ತೀನಿ."

ಅವನು ಮೆಲ್ಲಗೆ ಅವಳ ತಣ್ಣನೆಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ಆಗಲಿ," ಅಂದ. "ನಿಮ್ಮನ್ನ ನೋಡ್ಕೊಂಡೇ ಬರ್ತೀನಿ."