ಬೆಡ್‌ಶೀಟಿನ ಆ ತುದಿ

“ಅಲ್ಲಿ ನಿಲ್ಲಬೇಡಿ.”

ಅವನು ಅವಳೊಂದಿಗೆ ಆಡಿದ ಮೊದಲ ಮಾತು ಇದು. ಪ್ರೀತಿ ಶುರುವಾಗಲು ಇದಕ್ಕಿಂತ ಚೆಂದದ ಮಾತುಗಳು ಎಷ್ಟೋ ಇದ್ದವು. ಏನು ಮಾಡುವುದು, ಅವನ ಬಾಯಿಗೆ ಬಂದದ್ದು ಇದೇ.

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಅವಳಿಗೆ ಅದು ಮೊದಲ ದಿನ. ಬೆಳಗ್ಗೆಯೆಲ್ಲ ಮೆಷಿನ್ನಿನಿಂದ ಒದ್ದೆ ಬೆಡ್‌ಶೀಟುಗಳನ್ನು ಎಳೆದೆಳೆದು ತಳ್ಳುಗಾಡಿಗೆ ತುಂಬಿದ್ದಳು. ಒಂದಕ್ಕೊಂದು ಹೆಣೆದುಕೊಂಡಿದ್ದ ಅವನ್ನು ಬಿಡಿಸುವಷ್ಟರಲ್ಲಿ ಹಿಂಡಿ ಹಿಪ್ಪೆಯಾದದ್ದು ಬಟ್ಟೆಯಲ್ಲ, ಅವಳು. ಮಧ್ಯಾಹ್ನ, ಒಣಗಿದ್ದನ್ನು ಮಡಚಲೆಂದು ಮೇಸ್ತ್ರಿ ಅಕ್ಕ ಅವಳನ್ನು ಇವನ ಎದುರು ನಿಲ್ಲಿಸಿ ಹೋಗಿದ್ದಳು.

“ಮತ್ತೆಲ್ಲಿ ನಿಲ್ಲಲಿ? ಅಟ್ಟದ ಮೇಲಾ?” ಎಂದಳು.

ಅವನು ನಗಲಿಲ್ಲ. ಅವಳು ಯಾರನ್ನೋ ತುಳಿಯುತ್ತಿದ್ದಾಳೇನೋ ಎಂಬಂತೆ ಅವಳ ಕಾಲ ಕೆಳಗಿನ ನೆಲವನ್ನೇ ನೋಡಿದ. ಆಮೇಲೆ ಬೆಡ್‌ಶೀಟಿನ ಒಂದು ತುದಿಯನ್ನು ಅವಳತ್ತ ಎಸೆದ.

ಸಂಜೆ ಕೈಕಾಲು ತೊಳೆಯುವಾಗ ಅಕ್ಕನೇ ವಿಷಯ ಹೇಳಿದಳು. “ಅದು ಅವನ ಹೆಂಡತಿ ನಿಲ್ತಿದ್ದ ಜಾಗ ಕಣೇ. ಜ್ವರ ಬಂದು ಹೋಗಿಬಿಟ್ಲು, ಪಾಪ. ಆಮೇಲೆ ಗೋಡೆಗೆ ಕೊಕ್ಕೆ ಹೊಡೆದು, ಆ ತುದಿ ಅದಕ್ಕೆ ಸಿಕ್ಕಿಸಿ ಒಬ್ಬನೇ ಮಡಚ್ತಿದ್ದ. ಈಗ ಕೆಲಸ ಜಾಸ್ತಿ ಆಯ್ತಲ್ಲ, ನಿನ್ನ ಹಾಕಿದೀನಿ.”

“ಅಂದ್ರೆ ನಾನು ಕೊಕ್ಕೆ ಬದಲಿಗೆ ಬಂದೋಳು.”

“ಹಾಗೇ ಅಂದ್ಕೋ. ಕೊಕ್ಕೆಗಿಲ್ಲದ ಸಂಬಳ ನಿನಗಿದೆ.”

ಮೊದಲ ತಿಂಗಳು ಮೈಯೆಲ್ಲ ಹಣ್ಣಾಯಿತು. ಮನೆಗೆ ಬಂದರೆ ಜಡೆ ಬಿಚ್ಚಲು ಕೈ ಮೇಲೇಳುತ್ತಿರಲಿಲ್ಲ. ಅಮ್ಮನೇ ತಲೆ ಬಾಚುತ್ತ, “ಬಿಟ್ಟಾಕೇ ಆ ಕೆಲಸಾನ. ಅಲ್ಲೇನು ಅಂಥದ್ದಿದೆ?” ಎಂದು ಗೊಣಗುವಳು. “ಇನ್ನೊಂದು ವಾರ ನೋಡ್ತೀನಮ್ಮ,” ಎಂದು ಮಗಳು ವಾರ ವಾರವೂ ಹೇಳುವಳು.

ಅಲ್ಲಿದ್ದದ್ದನ್ನು ಅಮ್ಮನಿಗೆ ಹೇಳುವಂತಿರಲಿಲ್ಲ. ಬೆಡ್‌ಶೀಟು ಮಡಚುವುದೆಂದರೆ ಇಬ್ಬರೂ ದೂರ ನಿಂತು ಕೊಡವಬೇಕು, ಮಡಚುತ್ತ ಮಡಚುತ್ತ ಹತ್ತಿರ ಬರಬೇಕು, ಅವಳ ಕೈಯ ಮೂಲೆಗಳು ಅವನ ಕೈ ಸೇರಬೇಕು. ಬೆರಳಿಗೆ ಬೆರಳು ತಾಗದೆ ಆ ಕೆಲಸ ಆಗುವುದೇ ಇಲ್ಲ. ಪ್ರತಿ ಸಲವೂ ಅವನು ಕಣ್ಣನ್ನು ಬೇರೆಡೆ ತಿರುಗಿಸುವನು. ಪ್ರತಿ ಸಲವೂ ಅವಳು ಅವನ ರೆಪ್ಪೆಗೆ ಅಂಟಿದ ಬಟ್ಟೆಯ ಧೂಳನ್ನು ನೋಡುವಳು.

ಅವನ ಪದ್ಧತಿ ಒಂದೇ. ಎರಡು ಸಲ ಕೊಡವಬೇಕು, ಬಲಗೈ ಮೇಲಿರಬೇಕು, ಬಲಕ್ಕೆ ಹೊರಳಬೇಕು. ಅವಳು ಹುಟ್ಟಾ ಎಡಗೈಯವಳು. ಮಣಿಕಟ್ಟು ಊದಿಕೊಂಡರೂ ಹಟ ಹಿಡಿದು ಕಲಿತಳು. ಅವಳ ಕೈ ಪಳಗಿದಂತೆಲ್ಲ ಅವನ ಬಾಯಿ ಬಿಚ್ಚಿತು.

“ಇವತ್ತು ಬಹಳ ದಣಿದಿದೀರಿ.”

“ನಿಮಗೆ ಹೇಗೆ ಗೊತ್ತು? ಈ ಕಡೆ ನೋಡೋದೇ ಇಲ್ವಲ್ಲ!”

“ಉಸಿರು ಕೇಳಿಸುತ್ತೆ,” ಎಂದ ಅವನು. ಆ ಒಂದು ಮಾತನ್ನು ಅವಳು ಮನೆಯ ತನಕ ಜೋಪಾನವಾಗಿ ಒಯ್ದಳು.

ಹೀಗಿರುವಾಗ ಒಂದು ದಿನ ಅಕ್ಕ ಆ ಕಡೆ ಬಂದವಳು ಗಕ್ಕನೆ ನಿಂತಳು. “ಅಯ್ಯೋ! ಹಿಂದಿನಿಂದ ನೋಡಿದ್ರೆ ಥೇಟ್ ಅವಳೇ ನಿಂತ ಹಾಗಿದೆ. ಹಾಗೇ ಭುಜ ವಾಲಿಸ್ತೀಯಲ್ಲೇ!”

ಅವಳ ಕೈ ಅಲ್ಲೇ ನಿಂತಿತು. ತಲೆಯೆತ್ತಿದರೆ, ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡುತ್ತಿದ್ದ. ಮೆಲ್ಲಗೆ ನಗುತ್ತಲೂ ಇದ್ದ.

ಅಂದಿನಿಂದ ಅವಳಿಗೆ ತನ್ನ ಮೈಯೇ ಪರರದಾಯಿತು. ಸ್ನಾನ ಮಾಡಿ ಟವೆಲು ಕೊಡವಿದರೆ ಸರಿಯಾಗಿ ಎರಡೇ ಸಲ. ಕನ್ನಡಿಯ ಮುಂದೆ ನಿಂತರೆ ಭುಜ ತಾನಾಗಿಯೇ ವಾಲುತ್ತಿತ್ತು. ಫೋಟೋದಲ್ಲೂ ಕಂಡಿರದ ಹೆಂಗಸೊಬ್ಬಳು ತನ್ನ ಮೂಳೆಯೊಳಗೆ ಬಂದು ಕೂತಿದ್ದಾಳೆ, ಕರೆದು ಕೂರಿಸಿದವಳೂ ತಾನೇ. ಅವನ ಮೇಲೆ ತನಗೆ ಜೀವ ಎಂಬುದರಲ್ಲಿ ಅನುಮಾನ ಉಳಿದಿರಲಿಲ್ಲ. ಆದರೆ ಅವನು ನಕ್ಕದ್ದು ಯಾರನ್ನು ನೋಡಿ?

ಕೊನೆಗೊಂದು ಬೆಳಗ್ಗೆ ಅವಳು ಎಡಗೈ ಮೇಲೆ ಮಾಡಿ ಎಡಕ್ಕೆ ಹೊರಳಿದಳು. ಬೆಡ್‌ಶೀಟು ನಡುವೆ ತಿರುಚಿಕೊಂಡಿತು.

“ಏನಾಯ್ತು?”

“ನಾನು ಎಡಗೈಯವಳು.”

“ಇಷ್ಟು ದಿನ ಹೇಳಲೇ ಇಲ್ಲ.”

“ನೀವು ಕೇಳಲೇ ಇಲ್ಲ.” ಅವಳು ತನ್ನ ತುದಿಯನ್ನು ಬಿಗಿಯಾಗಿ ಹಿಡಿದಳು. “ನೀವು ಇಷ್ಟು ದಿನ ಮಡಚಿದ್ದು ನನ್ನ ಜೊತೆ ಅಲ್ಲ. ಅವರ ಜೊತೆಗೇ ಮಡಚೋದಾದ್ರೆ ಕೊಕ್ಕೆ ಇದೆ. ನಾನು ಅಕ್ಕನಿಗೆ ಹೇಳಿ ಮೆಷಿನ್ ಕಡೆಗೇ ಹೋಗ್ತೀನಿ.”

ಅವನು ತಿರುಚಿಕೊಂಡ ಬೆಡ್‌ಶೀಟನ್ನು ಬಿಡಿಸಿದ. ಆಮೇಲೆ ತನ್ನ ಕೈಗಳನ್ನು ಅದಲುಬದಲು ಮಾಡಿ ಹಿಡಿದ.

“ಕೊಡವು.”

“ಎಷ್ಟು ಸಲ?”

“ನಿನಗೆ ಎಷ್ಟು ಬೇಕೋ ಅಷ್ಟು.”

ಅಂದು ಕೆಲಸವೆಲ್ಲ ಎಡವಟ್ಟು. ಅವನು ತಪ್ಪು ಕಡೆ ಹೊರಳುವನು, ತಲೆಗೆ ತಲೆ ಡಿಕ್ಕಿ ಹೊಡೆಯುವುದು. “ಇಬ್ಬರೂ ಇವತ್ತೇ ಕೆಲಸಕ್ಕೆ ಸೇರಿದ ಹಾಗಿದೆ, ಹಾಳಾದೋರು!” ಎಂದು ಅಕ್ಕ ಬೈದಳು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಂಜೆಯ ಕೊನೆಯ ಬೆಡ್‌ಶೀಟಿಗೆ ಹತ್ತಿರ ಬಂದಾಗ ಅವನು ಮೂಲೆಗಳನ್ನು ತೆಗೆದುಕೊಳ್ಳದೆ ನಿಂತುಬಿಟ್ಟ. ಮುಖ ಬಿಳಿಚಿಕೊಂಡಿತ್ತು.

“ಬೆಳಗ್ಗೆಯಿಂದ ನಂಗೆ ಅವಳ ನೆನಪೇ ಬರಲಿಲ್ಲ,” ಎಂದ. “ಒಂದು ಸಲಾನೂ ಬರಲಿಲ್ಲ. ಹೀಗೆ ಯಾವತ್ತೂ ಆಗಿರಲಿಲ್ಲ.”

ಅವಳು ಇಷ್ಟು ತಿಂಗಳು ಕಾದಿದ್ದು ಈ ಮಾತಿಗೇ. ಆದರೆ ಅದು ಬಂದಾಗ ಮೊದಲು ಹುಟ್ಟಿದ್ದು ಸಂತೋಷವಲ್ಲ, ಸಂಕಟ. ಅವನಿಗಾಗಿ, ಆ ಕಾಣದ ಹೆಂಗಸಿಗಾಗಿ.

“ನಂಗೆ ಬಂತು,” ಎಂದಳು ಮೆಲ್ಲಗೆ. “ಬೆಳಗ್ಗೆಯಿಂದ ಅವರನ್ನೇ ನೆನೆಸ್ಕೊಳ್ತಿದ್ದೆ. ನೀನು ಮರೆತ ದಿನ ನೆನೆಸ್ಕೊಳ್ಳೋಕೆ ನಾನಿದೀನಿ.”

ಅವನು ಚಿಕ್ಕ ಮಗುವಿನ ಹಾಗೆ ಅಳತೊಡಗಿದ. ಅವಳು ಮೂಲೆಗಳ ಸಮೇತ ಅವನ ಕೈ ಹಿಡಿದಳು, ಬಿಡಲಿಲ್ಲ.